ಮೂರನೆಯ ತಂತಿ

ನಾನು ಒಂದು ಆಸಿಲೋಸ್ಕೋಪು. ಈ ಹೆಸರನ್ನು ಪೂರ್ತಿ ಹೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಕಾಲೇಜಿನವರು ಸಿ.ಆರ್.ಓ. ಅಂದರು, ಅಂಗಡಿಯವರು ಸ್ಕೋಪು ಅಂದರು, ಸುಮಿತ್ರಾ ಎಂಬ ಹೆಣ್ಣುಮಗಳು ಬಹಳ ಕಾಲ "ಆ ಹಸಿರು ಗೆರಿ ಡಬ್ಬಿ" ಅಂದಳು. ಎಲ್ಲದಕ್ಕೂ ನಾನು ಓಗೊಟ್ಟಿದ್ದೇನೆ. ಓಗೊಡುವುದೆಂದರೆ ಸ್ವಿಚ್ಚು ಹಾಕಿದಾಗ ಬೆಳಗುವುದು, ಅಷ್ಟೇ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಕರೆಂಟು ಕಣ್ಣಿಗೆ ಕಾಣುವುದಿಲ್ಲ. ತಂತಿಯೊಳಗೆ ಅದು ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ನನ್ನ ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುತ್ತೇನೆ. ಸುದ್ದಿ ತರಲು ನನಗೊಂದು ಪ್ರೋಬ್ ಇದೆ. ಉದ್ದನೆಯ ವಯರು, ತುದಿಯಲ್ಲಿ ಸೂಜಿಯಂಥ ಮೊನೆ, ಪಕ್ಕದಲ್ಲಿ ಮೊಸಳೆ ಬಾಯಿಯ ಪುಟ್ಟ ಕ್ಲಿಪ್ಪು. ಮೊನೆ ಸುದ್ದಿ ಕೇಳುತ್ತದೆ. ಕ್ಲಿಪ್ಪು ಯಂತ್ರದ ಚಾಸಿಯನ್ನು, ಅಂದರೆ ಅದರ ತಗಡಿನ ಬುಡವನ್ನು, ಕಚ್ಚಿ ಹಿಡಿಯುತ್ತದೆ. ಆ ಕ್ಲಿಪ್ಪಿನ ಇನ್ನೊಂದು ತುದಿ ನನ್ನ ಮೈಗೇ ಕೂಡಿದೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಎರಡೂ ಬದಿಗೆ ನೀಲಿ ಕೋಟು ತೊಟ್ಟ ಹೆಂಗಸರು ಕೂತಿದ್ದರು. ಒಬ್ಬಳು ಬಿಡಿಭಾಗ ಕೂರಿಸಿದಳು, ಒಬ್ಬಳು ಬೆಸುಗೆ ಹಾಕಿದಳು, ಒಬ್ಬಳು ಬಣ್ಣಬಣ್ಣದ ತಂತಿಗಳನ್ನು ಒಟ್ಟು ಮಾಡಿ ಮೇಣದ ದಾರದಿಂದ ಬಿಗಿದಳು. ಕೈ ನನ್ನ ಮೇಲೆ, ಮಾತು ಮನೆಯ ಮೇಲೆ. ಯಾರ ಮಗುವಿಗೆ ಜ್ವರ ಇಳಿಯಲಿಲ್ಲ, ಯಾರ ಅತ್ತೆ ಬಂದವಳು ಊರಿಗೆ ಹೋಗಲಿಲ್ಲ, ಇಂಥವು. ಕೊನೆಗೆ ಗಾಜಿನ ಕೊಳವೆಯನ್ನು ನನ್ನೊಳಗೆ ಇಳಿಸಿ, ಬೂದು ಬಣ್ಣದ ತಗಡಿನ ಅಂಗಿ ತೊಡಿಸಿದರು. ಹಿಂದೆ ಒಂದು ಚಿಕ್ಕ ಫ್ಯಾನು. ಮೇಲೆ ಎತ್ತಲು ಹಿಡಿಕೆ. ಅದಕ್ಕೆ ಬಣ್ಣವಿರಲಿಲ್ಲ, ಬರಿಯ ಲೋಹದ ಹೊಳಪು.

ಬೆನ್ನಿನಿಂದ ದಪ್ಪ ವಯರು ಹೊರಟು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮುಗಿಯುತ್ತಿತ್ತು. ಅದರೊಳಗಿನ ಎರಡು ತಂತಿ ಕರೆಂಟನ್ನು ತರುತ್ತವೆ, ಒಯ್ಯುತ್ತವೆ. ಮೂರನೆಯದು ಹಸಿರು. ಅದು ಏನನ್ನೂ ತರುವುದಿಲ್ಲ. ನನ್ನ ತಗಡಿನ ಮೈಯನ್ನು ಭೂಮಿಗೆ ಕಟ್ಟಿ ಹಾಕಿರುತ್ತದೆ. ಎಂದಾದರೂ ಕರೆಂಟು ದಾರಿ ತಪ್ಪಿ ನನ್ನ ಮೈಗೆ ಬಂದರೆ ಅದನ್ನು ನೆಲಕ್ಕಿಳಿಸಿ, ಫ್ಯೂಸು ಹಾರಿಸಿ, ಮುಟ್ಟಿದವರ ಜೀವ ಉಳಿಸುವುದಷ್ಟೇ ಅದರ ಕೆಲಸ. ಜೀವಮಾನವೆಲ್ಲ ಏನೂ ಮಾಡದವರಂತೆ ಕಂಡು, ಸುಮ್ಮನೆ ಕಾಯುತ್ತ ಕೂರುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹಸಿರು ತಂತಿ ಆ ಜಾತಿಯದು.

ಮೊದಲು ನನ್ನನ್ನು ಗದಗಿನ ಕಡೆಯ ಒಂದು ಪಾಲಿಟೆಕ್ನಿಕ್ಕಿಗೆ ಕಳಿಸಿದರು. ಅಲ್ಲಿ ಲ್ಯಾಬು ನೋಡಿಕೊಳ್ಳುತ್ತಿದ್ದವರು ಕುಬೇರಪ್ಪ ಮಾಸ್ತರರು. ನನಗೆ ಹಳೇ ಧೋತರದ ಮುಸುಕು ಹೊಲಿಸಿದ್ದರು. ಹುಡುಗರು ನನ್ನ ಬಳಿ ಬಂದರೆ ಅವರು ಹೇಳುತ್ತಿದ್ದದ್ದು ಒಂದೇ: "ಒಂದು ಕೈ ಬೆನ್ನ ಹಿಂದ. ಎರಡೂ ಕೈ ಮುಂದ ಚಾಚೂದು ದೇವರ ಮುಂದಷ್ಟ." ಎರಡು ಕೈಯೂ ಯಂತ್ರದ ಮೇಲಿದ್ದರೆ ಕರೆಂಟು ಒಂದು ಕೈಯಿಂದ ಹತ್ತಿ ಎದೆ ದಾಟಿ ಇನ್ನೊಂದರಿಂದ ಇಳಿಯುತ್ತದೆ. ಒಂದೇ ಕೈ ಇದ್ದರೆ ಎದೆ ಉಳಿದೀತು. ಹುಡುಗರು ನಗುತ್ತಲೇ ಕೈ ಹಿಂದೆ ಕಟ್ಟುತ್ತಿದ್ದರು.

ಒಮ್ಮೆ ಯಾರೋ ನನ್ನ ಗೆರೆಯನ್ನು ಒಂದೇ ಚುಕ್ಕೆಯಾಗಿ ನಿಲ್ಲಿಸಿ, ಬೆಳಕು ಪೂರ್ತಿ ಏರಿಸಿ ಚಹಾಕ್ಕೆ ಹೋದರು. ಚಲಿಸದೆ ಒಂದೆಡೆ ನಿಂತ ಬೆಳಕು ಗಾಜಿನ ಒಳಪದರವನ್ನು ಸುಟ್ಟಿತು. ಆ ಕಂದು ಕಲೆ ಇವತ್ತಿಗೂ ಇದೆ. ನನ್ನನ್ನು ಗುರುತಿಸುವವರು ಅದರಿಂದಲೇ ಗುರುತಿಸುತ್ತಾರೆ.

ಮಾಸ್ತರರು ನಿವೃತ್ತರಾದರು. ಅಂಕಿ ತೋರಿಸುವ ಹೊಸ ಯಂತ್ರಗಳು ಬಂದವು. ನನ್ನನ್ನು ಸ್ಟೋರಿಗೆ ಹಾಕಿದರು. ಅಲ್ಲಿ ಹಲ್ಲಿಯೊಂದು ನನ್ನ ಫ್ಯಾನಿನ ಗೂಡಿನಲ್ಲಿ ಮೊಟ್ಟೆಯಿಟ್ಟು ಸಂಸಾರ ಹೂಡಿತು. ಮಳೆಗಾಲದ ತೇವ, ಬೇಸಿಗೆಯ ಧೂಳು ಎರಡನ್ನೂ ಕುಡಿದೆ. ಒಂದು ದಿನ ಮುರಿದ ಸ್ಟೂಲುಗಳ ಜೊತೆ ನಾನೂ ಹರಾಜಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗೆ ಬಂದೆ. ತಾಮ್ರಕ್ಕಾಗಿ ನನ್ನನ್ನು ಒಡೆಯಲು ಸುತ್ತಿಗೆ ಎತ್ತಿದ್ದರು. ಆಗ ಟಿವಿ ರಿಪೇರಿಯ ಮೌನೇಶ ಕಮ್ಮಾರ ಬೇರೇನೋ ಹುಡುಕುತ್ತ ಬಂದವನು, "ತಡೀರಿ, ತಡೀರಿ, ಅದು ಸ್ಕೋಪ್ ಐತಿ" ಎಂದು ಕೂಗಿದ. ಹೀಗೆ ಉಳಿದೆ.

ಮೌನೇಶನ ಅಂಗಡಿ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಪಕ್ಕದಲ್ಲೇ ದಸ್ತಗೀರನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ನಡುವೆ ಒಂದು ತಗಡಿನ ಗೋಡೆ, ಅದೂ ಪೂರ್ತಿ ಮೇಲಕ್ಕೆ ಮುಟ್ಟಿರಲಿಲ್ಲ. ಇಬ್ಬರೂ ಒಂದೇ ಶಾಲೆಗೆ ಹೋದವರು. ಬೈಯುವುದು ಅವರ ಮಾತಿನ ಉಪ್ಪು.

ಮೌನೇಶ ನನ್ನನ್ನು ತಂದ ದಿನವೇ ಪ್ಲಗ್ಗಿಗೆ ಹಾಕಲಿಲ್ಲ. ಅದು ಅವನ ಜಾಣತನ. ಬಹಳ ವರ್ಷ ಮಲಗಿದ ಯಂತ್ರವನ್ನು ಒಮ್ಮೆಲೇ ಎಬ್ಬಿಸಬಾರದು, ಒಳಗಿನ ಕೆಪಾಸಿಟರುಗಳು ಸಿಡಿಯುತ್ತವೆ. ಮೊದಲು ಬಿಚ್ಚಿ, ಹಲ್ಲಿಯ ಸಂಸಾರವನ್ನು ಕಾಗದದ ಮೇಲೆ ಎತ್ತಿ ಹೊರಗೆ ಬಿಟ್ಟ. ಬ್ರಷ್ಷಿನಿಂದ ಧೂಳು ತೆಗೆದ, ಸ್ವಿಚ್ಚುಗಳಿಗೆ ಸ್ಪಿರಿಟ್ ಹಾಕಿ ತಿರುವಿದ. ಉಬ್ಬಿದ ಕೆಪಾಸಿಟರು ಬದಲಿಸಿದ. ಆಮೇಲೆ ದಾರಿಯಲ್ಲಿ ಒಂದು ಬಲ್ಬು ಕೂಡಿಸಿ, ಆ ಬಲ್ಬಿನ ಮೂಲಕ ನನಗೆ ಕರೆಂಟು ಕೊಟ್ಟ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ನಾನು ಉಳಿಯುತ್ತೇನೆ. ಬಲ್ಬು ಒಮ್ಮೆ ಝಗ್ಗನೆ ಹತ್ತಿ ಮೆಲ್ಲಗೆ ಮಂಕಾಯಿತು. ನನ್ನ ಗಾಜಿನ ಮೇಲೆ ಹಸಿರು ಮಂಜು ಕಟ್ಟಿ, ಗೆರೆಯಾಯಿತು.

ಮತ್ತೆ ಒಳಗೆ ಕೈ ಹಾಕುವಾಗಲೆಲ್ಲ ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಕಾದು, ನನ್ನ ಗಾಜಿನ ಕೊಳವೆಗೆ ಹೋಗುವ ದಾರಿಯಲ್ಲಿ ಉಳಿದ ಕರೆಂಟನ್ನು ಇಕ್ಕಳದಿಂದ ಹಿಡಿದ ತಂತಿಯಿಂದ ಇಳಿಸುತ್ತಿದ್ದ. ನಾನು ಆರಿಸಿದ ಮೇಲೂ ಕೋಪ ಇಟ್ಟುಕೊಳ್ಳುವವನು. ಅವನಿಗೆ ಅದು ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವನು ಮುಂದೆ ಹಾಗೆ ಮಾಡಿದ ಎಂಬುದಕ್ಕೇ ಇದನ್ನು ಹೇಳುತ್ತಿದ್ದೇನೆ.

ನನ್ನ ಫ್ಯಾನು ಮಾತ್ರ ತಿರುಗಲಿಲ್ಲ, ಅದರ ಸುರುಳಿ ಸುಟ್ಟಿತ್ತು. ಮೌನೇಶ ಅದನ್ನು ಗೋಡೆಯ ಮೇಲಿಂದ ಪಕ್ಕದಂಗಡಿಗೆ ದಾಟಿಸಿದ.

"ಇದೇನಲೇ, ಗೊಂಬಿ ಆಟದ ಮೋಟಾರು?" ದಸ್ತಗೀರ ಕೇಳಿದ.

"ಸುತ್ತಿ ಕೊಡು."

"ಕೂದಲಿನಂಥಾ ತಂತಿ ಬೇಕಿದಕ್ಕ. ಸುತ್ತತೀನಿ. ಆದ್ರ ಇವತ್ತಿಂದ ನಿನ್ನ ಸ್ಕೋಪಿನಾಗ ನಂದೂ ಒಂದು ಪಾಲು ಐತಿ, ಮರೀಬ್ಯಾಡ."

ಸುತ್ತಿದ. ಫ್ಯಾನು ಜೇನಿನಂತೆ ಗುಂಯ್‌ಗುಟ್ಟಿತು. ಅಂದಿನಿಂದ ಪ್ರತಿ ವರ್ಷ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ನನಗೆ ಹೂವಿನ ಮಾಲೆ ತರುವುದು ದಸ್ತಗೀರನ ಹಕ್ಕಾಯಿತು. ಕುಂಕುಮ ಹಚ್ಚುವವಳು ಮೌನೇಶನ ಹೆಂಡತಿ ಸುಮಿತ್ರಾ, ಮಾಲೆ ಹಾಕುವವನು ದಸ್ತಗೀರ. "ನನ್ನ ಪಾಲಿನ ಫ್ಯಾನಿಗೆ" ಎನ್ನುತ್ತಿದ್ದ. ಹೋಳಿಗೆ ತಿಂದು ಹೋಗುತ್ತಿದ್ದ.

ಮೊದಲ ಬಾರಿ ನನ್ನ ಕ್ಲಿಪ್ಪನ್ನು ಒಂದು ಟಿವಿಯ ಚಾಸಿಗೆ ಹಚ್ಚಿದಾಗ ಢಂ ಎಂದು ಸದ್ದಾಗಿ ಅಂಗಡಿ ಕತ್ತಲಾಯಿತು. ಕ್ಲಿಪ್ಪಿನ ಹಲ್ಲು ಕರಗಿ ಹೋಯಿತು. ಗೋಡೆಯಾಚೆಯಿಂದ ದಸ್ತಗೀರ ಕೂಗಿದ.

"ಏನಾತಲೇ? ಪಟಾಕ್ಷಿ ಹೊಡದಂಗಾತು?"

"ಕ್ಲಿಪ್ ಹಚ್ಚಿದ್ದ ತಡ, ಫ್ಯೂಸ್ ಹಾರ್ತು."

"ಟಿವಿ ಚಾಸಿ ಕರೆಂಟಿನ ಮ್ಯಾಲ ಕುಂತೈತಿ. ನಿನ್ನ ಸ್ಕೋಪಿನ ಮೈ ಭೂಮಿಗೆ ಕಟ್ಟೇತಿ. ಎರಡನ್ನೂ ಕೂಡಿಸಿದ್ರ ಢಂ ಅನ್ನದ ಶರಣು ಅಂತಾವೇನು?"

"ಹಂಗಾರ ಏನ್ ಮಾಡ್ಲಿ?"

"ನಡುವ ಒಂದು ಒನ್-ಟು-ಒನ್ ಟ್ರಾನ್ಸ್‌ಫಾರ್ಮರ್ ಇಡು. ಟಿವಿನ ಅದರ ಮ್ಯಾಲ ಓಡಸು. ಆಗ ಟಿವಿಗೂ ಭೂಮಿಗೂ ಸಂಬಂಧ ಇರೂದಿಲ್ಲ, ಕ್ಲಿಪ್ ಎಲ್ಲಿ ಬೇಕಾದಲ್ಲಿ ಹಚ್ಚು. ನಾ ಸುತ್ತಿ ಕೊಡ್ತೀನಿ."

"ಎಷ್ಟ ದೊಡ್ಡದಾಕ್ಕೈತಿ ಅದು?"

"ನಿನ್ನ ತಲಿ ಅಷ್ಟ. ಅದರೊಳಗ ಮಾತ್ರ ಏನರ ತುಂಬಿರತೈತಿ."

ಮೌನೇಶ ನಕ್ಕು, ಮುಂದಿನ ವಾರ ನೋಡೋಣ ಎಂದ. ಆ ವಾರ ಬರಲಿಲ್ಲ. ಅದರ ಬದಲು ಅವನು ನನ್ನ ಪ್ಲಗ್ಗು ಬಿಚ್ಚಿ ಹಸಿರು ತಂತಿಯನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿದ. ಭೂಮಿಯ ಹಂಗಿಲ್ಲದಿದ್ದರೆ ಢಂ ಎನ್ನುವುದಿಲ್ಲವಲ್ಲ. ಈ ಉಪಾಯ ಅವನದಲ್ಲ. ಬಜಾರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು, ಮಾಡಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಕೆಲಸ ಸಲೀಸಾಯಿತು. ಆದರೆ ಕ್ಲಿಪ್ಪು ಟಿವಿಯನ್ನು ಕಚ್ಚಿರುವಷ್ಟು ಹೊತ್ತು ಟಿವಿಯ ಕರೆಂಟು ನನ್ನ ತಗಡಿನ ಮೈಮೇಲೆ, ಬರಿಯ ಹಿಡಿಕೆಯ ಮೇಲೆ, ಬಂದು ಕೂತಿರುತ್ತಿತ್ತು.

ಅದಕ್ಕೆ ಅವನು ಮಾಡಿಕೊಂಡ ಏರ್ಪಾಡೆಂದರೆ ಚಪ್ಪಲಿ. ರಬ್ಬರಿನ ಹವಾಯಿ ಚಪ್ಪಲಿ ತೊಟ್ಟು, ಕಾಲಡಿ ಒಂದು ಮರದ ಹಲಗೆ ಹಾಕಿಕೊಂಡು, ಎಡಗೈ ಜೇಬಿನಲ್ಲಿಟ್ಟು ಕೆಲಸ ಮಾಡುತ್ತಿದ್ದ. ಗಿರಾಕಿಗಳು ಹತ್ತಿರ ಬಂದರೆ "ದೂರ" ಎನ್ನುತ್ತಿದ್ದ. ದಸ್ತಗೀರ ಬಂದಾಗಲೆಲ್ಲ ಅವನ ಕಾಲು ನೋಡಿ ಹಂಗಿಸುತ್ತಿದ್ದ: "ನಿನ್ನ ಜೀವ ಎದಿಯಾಗಿಲ್ಲಲೇ, ಚಪ್ಪಲ್ಯಾಗ ಐತಿ. ಗುಡಿ ಮುಂದ ಯಾರರ ಕದ್ದೊಯ್ದಾರು, ಜ್ವಾಕಿ."

ವರ್ಷಗಳು ಹೀಗೆ ಹೋದವು. ಏನೂ ಆಗಲಿಲ್ಲ. ಏನೂ ಆಗದಿರುವುದು ಮನುಷ್ಯರಿಗೆ ದೊಡ್ಡ ಪಾಠವಾಗಿ ಕಾಣುತ್ತದೆ.

ಆ ವರ್ಷದ ಖಂಡೇನವಮಿಯ ಹಿಂದಿನ ಸಂಜೆ ಮೌನೇಶ ಒಂದು ಟಿವಿಯನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ನಾನೂ ಚಾಲೂ ಇದ್ದೆ, ಟಿವಿಯೂ ಚಾಲೂ ಇತ್ತು, ಕ್ಲಿಪ್ಪು ಒಳಗೆ ಕಚ್ಚಿತ್ತು. ಬಾಳೆಕಂದು ತರಲು ಸಂತೆಗೆ ಹೋಗಬೇಕೆಂದು ಸುಮಿತ್ರಾ ಬಂದು ನಿಂತಳು. ಮಗಳು ಅವಳ ಸೆರಗು ಹಿಡಿದು ಹಟ ಮಾಡುತ್ತಿದ್ದಳು. ಒಂದೊಂದೇ ಸ್ವಿಚ್ಚು ಆರಿಸುವ ಬದಲು ಮೌನೇಶ ಅಂಗಡಿಯ ಮೇನ್ ಸ್ವಿಚ್ಚು ಎಳೆದು ಎದ್ದುಬಿಟ್ಟ. ಎಲ್ಲವೂ ಒಮ್ಮೆಗೇ ಆರಿತು. ನಾಳೆ ಆಯುಧಗಳಿಗೆ ವಿಶ್ರಾಂತಿಯ ದಿನ, ಯಾರೂ ಏನನ್ನೂ ಓಡಿಸುವುದಿಲ್ಲ. ಹಾಗಾಗಿ ಅವನಿಗೆ ಮತ್ತೆ ನೋಡಬೇಕು ಅನಿಸಲಿಲ್ಲ.

ಬೆಳಿಗ್ಗೆ ಅಂಗಡಿ ತೊಳೆದರು. ಸಿಮೆಂಟಿನ ನೆಲ ಕನ್ನಡಿಯಂತಾಯಿತು. ಕಾಲಡಿಯ ಹಲಗೆಯನ್ನು ತಿಕ್ಕಿ ಬಿಸಿಲಿಗೆ ನಿಲ್ಲಿಸಿದರು. ಚಪ್ಪಲಿಗಳು ಹೊರಗೆ. ಜಾಗಕ್ಕಾಗಿ ಟಿವಿಯನ್ನು ಹಿಂದಕ್ಕೆ ಸರಿಸಿ ಮೇಲೊಂದು ಬಟ್ಟೆ ಹಾಕಿದರು. ಕ್ಲಿಪ್ಪು ಬಟ್ಟೆಯಡಿ ಮರೆಯಾಯಿತು. ಇಕ್ಕಳ, ಬೆಸುಗೆ ಕಡ್ಡಿ, ಮೀಟರು ಎಲ್ಲ ಸಾಲಾಗಿ ಕೂತವು, ನಡುವೆ ನಾನು. ಸುಮಿತ್ರಾ ಒದ್ದೆ ಕೈಯಿಂದ ನನಗೆ ವಿಭೂತಿ ಎಳೆದು, ಕುಂಕುಮ ಇಟ್ಟಳು. ಅವಳು ಕೈ ತೆಗೆದು ಆರತಿ ತಟ್ಟೆಯತ್ತ ತಿರುಗಿದಳು. ಮೌನೇಶ ಸರದ ದೀಪಗಳು ಹತ್ತಲೆಂದು ಮೇನ್ ಸ್ವಿಚ್ಚು ಮೇಲಕ್ಕೆತ್ತಿದ.

ಸರದ ದೀಪ ಹತ್ತಿತು. ಹಿಂದೆ ಬಟ್ಟೆಯಡಿ ಟಿವಿಯೂ ಎದ್ದಿತು. ನನ್ನ ಫ್ಯಾನು ತಿರುಗಿತು, ಗೆರೆ ಮೂಡಿತು. ನನ್ನ ಮೈಮೇಲೆ ಕರೆಂಟು ಬಂದು ನಿಂತಿತ್ತು. ಆದರೆ ನನ್ನ ಗೆರೆ ನೆಟ್ಟಗೆ, ಶಾಂತವಾಗಿ ಇತ್ತು. ಏಕೆಂದರೆ ನಾನು ಲೋಕದ ಏರಿಳಿತವನ್ನೆಲ್ಲ ಅಳೆಯುವುದು ನನ್ನ ಮೈಯೇ ನೆಲವೆಂದು ನಂಬಿಕೊಂಡು. ಆ ಮೈಯೇ ಏರಿ ನಿಂತಾಗ ನನಗೆ ಅದು ಕಾಣುವುದಿಲ್ಲ. ನನ್ನ ಜಾತಿಯ ಕುರುಡು ಅದು.

ಆಗಲೇ ದಸ್ತಗೀರ ಚೆಂಡುಹೂವಿನ ಮಾಲೆ ಹಿಡಿದು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಕಾಲು ತೊಳೆದ. ನಾನು ಬೆಳಗುವುದನ್ನು ಕಂಡು, "ಓಹೋ, ಇವತ್ತ ಸಾಹೇಬ್ರು ಎದ್ದ ಕುಂತಾರ!" ಎಂದು ನಕ್ಕು, ಮಾಲೆ ಹಾಕಲು ನನ್ನನ್ನು ಇತ್ತ ತಿರುಗಿಸಲೆಂದು ಬಲಗೈಯಿಂದ ಹಿಡಿಕೆ ಹಿಡಿದ.

ಹಿಡಿದ ಕೈ ಬಿಡಲಿಲ್ಲ. ಕರೆಂಟು ಹಿಡಿದ ಕೈ ಮುಚ್ಚಿಕೊಳ್ಳುತ್ತದೆ, ಬಿಡುವ ಅಧಿಕಾರ ಅದಕ್ಕಿರುವುದಿಲ್ಲ. ಅವನ ಬಾಯಿಂದ ಸದ್ದೂ ಬರಲಿಲ್ಲ. ಮಾಲೆ ಎಡಗೈಯಿಂದ ನೇತಾಡುತ್ತ ಅಲುಗುತ್ತಿತ್ತು. ಸರದ ದೀಪ ಸರಿಪಡಿಸುತ್ತ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದ ಮೌನೇಶ ಅದನ್ನು ಕೆಳಗೆಳೆದಿದ್ದರೆ ಮುಗಿಯುತ್ತಿತ್ತು. ಅವನು ಸ್ವಿಚ್ಚು ಬಿಟ್ಟು ಗೆಳೆಯನತ್ತ ಓಡಿದ.

"ಮುಟ್ಟಬ್ಯಾಡ್ರಿ!" ಸುಮಿತ್ರಾ ಚೀರಿದಳು. ತಟ್ಟೆ ಬಿಸಾಡಿ, ಹಾರಿ ಹೋಗಿ ಮೇನ್ ಎಳೆದಳು.

ಎಲ್ಲ ಆರಿತು. ದಸ್ತಗೀರ ಒದ್ದೆ ನೆಲದ ಮೇಲೆ ಕೂತ, ಆಮೇಲೆ ಮಲಗಿದ. ಅವನನ್ನು ಆಟೋದಲ್ಲಿ ದವಾಖಾನೆಗೆ ಒಯ್ದರು. ಅಲ್ಲಿ ನಡೆದದ್ದು ನನಗೆ ಗೊತ್ತಿಲ್ಲ, ಅಂಗಡಿಗೆ ಬಂದ ಮಾತಷ್ಟೇ ಗೊತ್ತು. ಎದೆ ಉಳಿಯಿತು. ಬಲಗೈಯ ಅಂಗೈ ಸುಟ್ಟಿತ್ತು. ಗಾಯ ಮಾಯ್ದ ಮೇಲೂ ತೋರುಬೆರಳು, ನಡುಬೆರಳು ಅರ್ಧ ಮಡಿಚಿಕೊಂಡೇ ಉಳಿದವು. ಅವುಗಳಿಗೆ ಏನನ್ನು ಮುಟ್ಟಿದರೂ ತಿಳಿಯುತ್ತಿರಲಿಲ್ಲ.

"ಇದನ್ನ ಹೊರಗ ಹಾಕ್ರಿ," ಎಂದಳು ಸುಮಿತ್ರಾ. "ಇಲ್ಲಾ ನಾ ಹಾಕ್ತೀನಿ."

"ತಪ್ಪು ಅದರದಲ್ಲ. ಅದರ ಹಸಿರು ವಯರು ನಾನ ಕಡದೀನಿ."

"ಯಾಕ?"

"ಬಜಾರದಾಗ ಎಲ್ಲಾರೂ ಹಂಗ ಮಾಡ್ತಾರ."

"ಹೌದು? ಆ ಎಲ್ಲಾರೂ ಬಂದು ಅವನ ಬೆರಳು ಸರಿ ಮಾಡ್ತಾರೇನು?"

ಮೌನೇಶ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದ. ಚೀಲ ಹರಿದಿತ್ತು. ಅಟ್ಟದ ಮೇಲಿಂದ, ತಗಡಿನ ಗೋಡೆ ದಾಟಿ, ಎರಡೂ ಅಂಗಡಿ ಕಾಣುತ್ತಿದ್ದವು.

ದಸರೆ ಕಳೆದು ಹಿಂಗಾರು ಬೆಳೆಗೆ ನೀರು ಹಾಯಿಸುವ ಕಾಲ. ಹಳ್ಳಿಗಳಿಂದ ಸುಟ್ಟ ಪಂಪುಗಳು ಬಂದು ದಸ್ತಗೀರನ ಬಾಗಿಲಲ್ಲಿ ಗುಡ್ಡೆ ಬಿದ್ದವು. ತಂತಿ ಸುತ್ತುವುದರ ಗುಟ್ಟು ಬೆರಳಿನ ಹಿಡಿತದಲ್ಲಿದೆ. ಬಲಗೈ ಬೆರಳುಗಳ ನಡುವಿನಿಂದ ತಂತಿ ಹರಿಯುವಾಗ ಹೆಚ್ಚು ಬಿಗಿದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಸುರುಳಿ ಉಬ್ಬಿ ಮೋಟಾರಿನೊಳಗೆ ಕೂರುವುದಿಲ್ಲ. ದಸ್ತಗೀರನ ಬೆರಳಿಗೆ ಬಿಗಿ ಯಾವುದು, ಸಡಿಲ ಯಾವುದು ಗೊತ್ತಾಗುತ್ತಿರಲಿಲ್ಲ. ಟಿಕ್ ಎಂದು ತಂತಿ ತುಂಡಾಗುವ ಸದ್ದು ನನಗೆ ಕೇಳುತ್ತಿತ್ತು. ಹೊಸ ತುದಿ ಹಿಡಿದು ಸುತ್ತುವನು. ಮತ್ತೆ ಟಿಕ್. ಎಡಗೈಯಿಂದಲೂ ನೋಡಿದ. ಬಂದ ರೈತರು ಕಾದು, ಕೊನೆಗೆ "ಬ್ಯಾರೆ ಕಡೆ ನೋಡ್ತೀವಿ ತಗೋರಿ" ಎಂದು ಪಂಪು ಎತ್ತಿಕೊಂಡು ಹೋಗತೊಡಗಿದರು. ಇದೊಂದು ಹಂಗಾಮು ತಪ್ಪಿದರೆ ಆ ಅಂಗಡಿಯ ಬಾಗಿಲು ಮುಚ್ಚಿದಂತೆಯೇ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮೌನೇಶ ದಿನಾ ಹೋಗಿ ಅವನೆದುರು ಕೂರುತ್ತಿದ್ದ. ದಸ್ತಗೀರನಿಗೆ ಅದು ಸಾಕಾಯಿತು.

"ಮಣ್ಣಿಗೆ ಬಂದವರಂಗ ಯಾಕ ಕುಂಡ್ರತಿಯಲೇ? ನಾ ಇನ್ನೂ ಇದ್ದೀನಿ."

"ನಾ ಸುತ್ತತೀನಿ. ನೀ ಬಾಯಿಲೆ ಹೇಳು."

"ಸುತ್ತು ನೋಡೂಣು."

ಮೌನೇಶನ ಕೈ ಬೆಸುಗೆಗೆ ಹುಟ್ಟಿದ ಕೈ. ಸಂಜೆಯ ತನಕ ಸುತ್ತಿ ಒಂದು ಸುರುಳಿ ತೋರಿಸಿದ. ದಸ್ತಗೀರ ಅದನ್ನು ಬೆಳಕಿಗೆ ಹಿಡಿದ.

"ಇದು ಕಾಯಿಲ್ ಅಲ್ಲೋ ಮಾರಾಯಾ, ಕಾಗಿ ಗೂಡು. ಮೊಟ್ಟಿ ಒಂದು ಇಡೂದು ಉಳದೈತಿ."

ಸುಮಿತ್ರಾ ಇಬ್ಬರಿಗೂ ಬುತ್ತಿ ತಂದು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇದನ್ನೆಲ್ಲ ನೋಡುತ್ತ ಕೂತಿದ್ದಳು. ಮನೆಯಲ್ಲಿ ಪಾತ್ರೆ ಹಾಗೇ ಬಿದ್ದಿದ್ದವು, ನಾಳೆಯ ಹಿಟ್ಟು ಬೀಸಿಸಬೇಕಿತ್ತು. ಅವಳ ತಾಳ್ಮೆ ಹರಿಯಿತು. "ಸರೀರಿ ಅತ್ತಾಗ," ಎಂದು ಮಗಳನ್ನು ಗಂಡನ ತೊಡೆಗೆ ದಾಟಿಸಿ, ತಂತಿ ಸುತ್ತುವ ಯಂತ್ರದ ಹಿಡಿಯ ಮುಂದೆ ಕೂತಳು.

ಟಿಕ್ ಎನ್ನಲಿಲ್ಲ. ತಂತಿ ಸುಯ್ ಎಂದು ಒಂದೇ ಸಮ ಹರಿಯಿತು. ದಸ್ತಗೀರ ಕಣ್ಣು ಮುಚ್ಚಿ ಆ ಸದ್ದು ಕೇಳಿದ.

"ತಂಗೀ, ಎಲ್ಲಿ ಕಲ್ತಿ ಇದನ್ನ?"

"ಕಲಿಯೂದೇನಣ್ಣ. ದಿನಾ ಮುಂಜಾನೆ ಇಕಿ ಹೆಳಲು ಹಾಕ್ತೀನ್ಲಾ. ಬಿಗಿ ಆದ್ರ ಅಳತಾಳ, ಸಡ್ಲ ಆದ್ರ ಸಾಲಿ ಮುಟ್ಟೂದರಾಗ ಬಿಚ್ಚತೈತಿ."

ಆ ಹಂಗಾಮಿನ ಪಂಪುಗಳನ್ನೆಲ್ಲ ಸುಮಿತ್ರಾ ಸುತ್ತಿದಳು. ಎಷ್ಟು ಸುತ್ತು, ಯಾವ ದಿಕ್ಕಿಗೆ, ಎಲ್ಲಿ ಕಾಗದ ಎಂದು ದಸ್ತಗೀರ ಹೇಳುತ್ತಿದ್ದ. ಮನೆಗೆಲಸ ಮುಗಿಸಿ ಬರುತ್ತಿದ್ದಳು, ಕೆಲಸ ಮುಗಿಸಿ ಮನೆಗೆಲಸಕ್ಕೆ ಹೋಗುತ್ತಿದ್ದಳು. ಕೆಲವು ಹಳ್ಳಿಯವರು ಹೆಣ್ಣುಮಗಳು ಸುತ್ತಿದ ಮೋಟಾರು ತಾಳುತ್ತದೋ ಇಲ್ಲವೋ ಎಂದು ಅನುಮಾನಿಸಿದರು. ಮೋಟಾರು ನಿಲ್ಲದೆ ಓಡಿತು. ನಿಂತದ್ದು ಅನುಮಾನ.

ನಾನು ಮಾತ್ರ ಅಟ್ಟದ ಮೇಲೇ ಇದ್ದೆ. ಕೆಳಗೆ ಮೌನೇಶ ನಾನಿಲ್ಲದೆ ಕೆಲಸ ಮಾಡುತ್ತಿದ್ದ. ಗೆರೆ ನೋಡಿ ತಿಳಿಯಬೇಕಾದದ್ದನ್ನು ಊಹೆಯಿಂದ ಹುಡುಕುತ್ತಿದ್ದ. ಒಮ್ಮೊಮ್ಮೆ ಚಾಲೂ ಇದ್ದ ಟಿವಿಯೊಳಗೆ ಬೆರಳಿನಿಂದ ಬಿಡಿಭಾಗಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದ. ಗೋಡೆಯಾಚೆಯಿಂದ ದಸ್ತಗೀರ ಅದನ್ನು ಗಮನಿಸಿದ್ದ.

"ತಂಗೀ, ಇವತ್ತ ಮೋಟಾರ್ ಬ್ಯಾಡ. ಒನ್-ಟು-ಒನ್ ಟ್ರಾನ್ಸ್‌ಫಾರ್ಮರ್ ಒಂದು ಸುತ್ತೂದೈತಿ," ಎಂದ ಒಂದು ದಿನ.

"ಯಾರಿಗಿ?"

ದಸ್ತಗೀರ ಮೇಲೆ, ನನ್ನತ್ತ, ಗದ್ದ ಎತ್ತಿ ತೋರಿಸಿದ. ಸುಮಿತ್ರಾಳ ಕೈ ನಿಂತಿತು.

"ಅದಕ್ಕೇನು? ನಾ ಒಲ್ಲೆ."

"ಸಿಟ್ಟು ನನಗ ಬರಬೇಕು, ನನಗ ಬಂದಿಲ್ಲ. ಕೇಳಿಲ್ಲೆ. ಅದು ಇಲ್ಲಂದ್ರ ನಿನ್ನ ಗಂಡ ಕಣ್ಣಿಗೆ ಕಾಣಲಾರದ್ದನ್ನ ಬೆರಳಿಲೆ ಮುಟ್ಟಿ ನೋಡಾಕತ್ತಾನ. ಮುಟ್ಟಿ ನೋಡಿದವನ ಕೈ ಹೆಂಗಾಕ್ಕೈತಿ, ನನ್ನ ನೋಡು." ಅವನು ಮಡಿಚಿದ ಬೆರಳುಗಳನ್ನು ಮುಂದೆ ಚಾಚಿದ. "ಒಂದು ಮನಿಗೆ ಇಂಥಾವು ಎರಡು ಸಾಕು."

ಸುಮಿತ್ರಾ ತಂತಿಯ ಉರುಳೆ ಎಳೆದುಕೊಂಡಳು.

ಆ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳಿವೆ. ಒಂದರ ಮೇಲೆ ಇನ್ನೊಂದು, ಮೈಗೆ ಮೈ ಹತ್ತಿರ, ಆದರೆ ಎಂದೂ ಮುಟ್ಟುವಂತಿಲ್ಲ. ನಡುವೆ ಕಾಗದದ ಪದರ. ದಸ್ತಗೀರ ಸಾಕು ಎಂದ ಮೇಲೂ ಅವಳು ಇನ್ನೊಂದು ಪದರ ಹಾಕಿದಳು.

"ಸಾಕವಾ, ದಪ್ಪ ಆಕ್ಕೈತಿ."

"ಆಗ್ಲಿ. ನನಗ ಸಾಲೂದಿಲ್ಲ," ಎಂದು ಮತ್ತೊಂದು ಹಾಕಿದಳು.

ನನ್ನನ್ನು ಅಟ್ಟದಿಂದ ಇಳಿಸಿದರು. ಸುಮಿತ್ರಾಳ ಕಣ್ಣೆದುರಿಗೇ ಮೌನೇಶ ನನಗೆ ಹೊಸ ವಯರು ಹಾಕಿದ. ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟು ತಿರುಪು ಬಿಗಿದ; ವಯರು ಜಗ್ಗಿದರೂ ಕೊನೆಗೆ ಕಳಚಬೇಕಾದದ್ದು ಅದು. ಮೀಟರಿನ ಒಂದು ಕಡ್ಡಿ ಹಸಿರು ತಂತಿ ಕೂಡಿದ ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದು ನನ್ನ ಹಿಡಿಕೆಗೆ. ದಾರಿ ಕೂಡಿದೆ ಎಂದು ಮೀಟರು ಕೂಗಿತು. "ಇನ್ನೊಮ್ಮೆ," ಎಂದಳು. ಇನ್ನೊಮ್ಮೆ ಕೂಗಿತು. ಆಮೇಲೆ ಗೋಡೆಯ ಸಾಕೆಟ್ಟನ್ನೂ ನೋಡಿಸಿದಳು.

ಅಂದಿನಿಂದ ಆ ಅಂಗಡಿಯಲ್ಲಿ ನಾನು ಭೂಮಿಗೆ ಕಟ್ಟಿಕೊಂಡು, ಟಿವಿಗಳು ಆ ಭಾರದ ಟ್ರಾನ್ಸ್‌ಫಾರ್ಮರಿನ ಮೇಲೆ ಕೂತು ಕೆಲಸ ನಡೆಯಿತು. ಖಂಡೇನವಮಿಯ ಪದ್ಧತಿಯೂ ಬದಲಾಯಿತು. ಹಿಂದಿನ ಸಂಜೆ ನನ್ನ ಪ್ಲಗ್ಗು ಕಿತ್ತು, ವಯರು ಸುತ್ತಿ, ಪ್ಲಗ್ಗನ್ನು ನನ್ನ ಮುಂದೆ ಎಲೆಯ ಮೇಲಿಡಬೇಕು. ಸುಮಿತ್ರಾ ಮೊದಲ ಕುಂಕುಮವನ್ನು ಆ ದಪ್ಪ ಪಿನ್ನಿಗೆ ಇಡುತ್ತಾಳೆ, ಆಮೇಲೆ ನನಗೆ. ಪೂಜೆಗೆ ಬಂದ ಬಜಾರಿನ ಒಬ್ಬಿಬ್ಬರು ಇದನ್ನು ನೋಡಿ ನಕ್ಕರು. ಕಥೆ ಕೇಳಿದ ಮೇಲೆ ಒಬ್ಬ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಂಡು ಹೋದ. ಇನ್ನೊಬ್ಬ ಸುತ್ತಿಸಿಕೊಳ್ಳಲಿಲ್ಲ.

ದಸ್ತಗೀರ ಮಾಲೆ ತರುವುದನ್ನು ಬಿಡಲಿಲ್ಲ. ಆದರೆ ಸುಮಿತ್ರಾಳ ಕೈಗೆ ಕೊಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದ. ಒಳಗೆ ಬಾ ಎಂದು ಯಾರೂ ಒತ್ತಾಯಿಸುತ್ತಿರಲಿಲ್ಲ. ಹೋಳಿಗೆಯನ್ನು ಅಲ್ಲಿಗೇ ಒಯ್ದು ಕೊಡುತ್ತಿದ್ದರು.

ಆಮೇಲಿನದು ಎಲ್ಲ ಯಂತ್ರಗಳ ಕಥೆ. ಟಿವಿಗಳು ತೆಳ್ಳಗಾದವು. ಕೆಟ್ಟರೆ ಬಿಚ್ಚುವ ಬದಲು ಬದಲಿಸುವ ಕಾಲ ಬಂತು. ಮೌನೇಶ ಇನ್ವರ್ಟರು, ಬ್ಯಾಟರಿ ಎಂದು ಊರೂರು ಸುತ್ತತೊಡಗಿದ. ನನ್ನ ಗೆರೆ ಮಸುಕಾಯಿತು, ಆಮೇಲೆ ದಪ್ಪವಾಯಿತು. ಒಂದು ಮಧ್ಯಾಹ್ನ ಒಳಗಿನಿಂದ ಸುಟ್ಟ ವಾಸನೆ ಬಂದು ನಿಂತೇಹೋದೆ. ಮೌನೇಶ ಕನ್ನಡಕ ಏರಿಸಿ ನನ್ನನ್ನು ಬಿಚ್ಚಿ, ಮೊದಲು ಉಳಿದ ಕರೆಂಟು ಇಳಿಸಿ, ಆಮೇಲೆ ನೋಡಿದ. ಗಾಜಿನ ಕೊಳವೆಯೇ ಸೋತಿತ್ತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ತಿರುಪುಗಳನ್ನು ಒಂದೂ ಬಿಡದೆ ಮತ್ತೆ ಹಾಕಿದ. ಯಾರಾದರೂ ತಿಳಿಯದೆ ಪ್ಲಗ್ಗಿಗೆ ಹಾಕಿಯಾರೆಂದು ನನ್ನ ವಯರನ್ನು ಬುಡದಲ್ಲೇ ತೆಗೆದುಬಿಟ್ಟ.

ಈಗ ನಾನಿರುವುದು ರಿವೈಂಡಿಂಗ್ ಅಂಗಡಿಯಲ್ಲಿ, ಬಾಗಿಲ ಪಕ್ಕದ ಹಲಗೆಯ ಮೇಲೆ. ನಡುವಿನ ತಗಡಿನ ಗೋಡೆ ತೆಗೆದು ಎರಡೂ ಒಂದಾಗಿದೆ. ಬೋರ್ಡಿನ ಮೇಲೆ ಹೆಸರು ದಸ್ತಗೀರನದೇ, ಸುತ್ತುವವಳು ಸುಮಿತ್ರಾ. ದಸ್ತಗೀರನ ಗಡ್ಡ ಬೆಳ್ಳಗಾಗಿದೆ. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತು, ತಂತಿಯ ಸದ್ದು ಕೇಳಿಯೇ ತಪ್ಪು ಹೇಳುತ್ತಾನೆ. ತಪ್ಪು ಇಲ್ಲದ ದಿನ ಚಹಾ ಸರಿಯಿಲ್ಲ ಎನ್ನುತ್ತಾನೆ.

ಅವನ ಊಟದ ಚೀಲ ತೂಗುಹಾಕಲು ಆ ಎತ್ತರಕ್ಕೆ ಇರುವುದು ನನ್ನ ಹಿಡಿಕೆಯೊಂದೇ. ದಿನಾ ಬಂದವನು ಮೊದಲು ಎಡಗೈಯಿಂದ ಜೇಬಿನ ಟೆಸ್ಟರು ತೆಗೆಯುತ್ತಾನೆ. ಅದರ ಮೊನೆಯನ್ನು ನನ್ನ ಹಿಡಿಕೆಗೆ ಇಟ್ಟು, ಒಳಗಿನ ಪುಟ್ಟ ದೀಪ ಹತ್ತುತ್ತದೋ ಎಂದು ಬಗ್ಗಿ ನೋಡುತ್ತಾನೆ.

ಕಾಲೇಜು ಮುಗಿಸಿದ ಮೌನೇಶನ ಮಗಳು ಒಮ್ಮೆ ಅದನ್ನು ಕಂಡು ನಕ್ಕಳು. "ಕಾಕಾ, ಅದಕ್ಕ ವಯರ ಇಲ್ಲ. ಕರೆಂಟ್ ಎಲ್ಲಿಂದ ಬರತೈತಿ?"

"ಇಲ್ಲಂತ ನನಗ ಗೊತ್ತೈತವಾ," ಎಂದ ದಸ್ತಗೀರ, ಬಲಗೈಯನ್ನು ನೋಡಿಕೊಳ್ಳುತ್ತ. "ಇದಕ್ಕ ದಿನಾ ಹೇಳಬೇಕಾಕ್ಕೈತಿ."

ನನಗೆ ಅದರಿಂದ ಬೇಸರವಿಲ್ಲ. ಮೈಮೇಲೆ ಏನಿದೆಯೆಂದು ನನಗೇ ತಿಳಿಯದ ಒಂದು ಗಳಿಗೆ ಇತ್ತು. ಈಗ ದಿನಾ ಒಬ್ಬ ಬಂದು ನೋಡಿ ಹೇಳುತ್ತಾನೆ.

ದೀಪ ಹತ್ತುವುದಿಲ್ಲ. ಆಗ ಅವನು ಟೆಸ್ಟರು ಜೇಬಿಗಿಟ್ಟು, ಆ ಮಡಿಚಿದ ಬೆರಳುಗಳಿಂದಲೇ ಚೀಲವನ್ನು ನನ್ನ ಹಿಡಿಕೆಗೆ ಸಿಕ್ಕಿಸುತ್ತಾನೆ. ಎರಡು ರೊಟ್ಟಿ, ಒಂದು ಪಲ್ಯದ ಡಬ್ಬಿ. ಊಟದ ಹೊತ್ತಿನ ತನಕ ಅದನ್ನು ಹಿಡಿದುಕೊಂಡಿರುವುದು ನನ್ನ ಕೆಲಸ.